ಮೊಹರು ಮಾಡಿದ ಲಕೋಟೆ ಮತ್ತು ಕೊಳಗದ ನ್ಯಾಯ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ನಾಲ್ಕನೆಯದು ಹೀನಾಧಿಕಮಾನೋನ್ಮಾನ. ಪರರಿಗೆ ಕೊಡುವಾಗ ಕಿರಿದಾದ ಅಳತೆಯನ್ನೂ ತಾನು ಕೊಳ್ಳುವಾಗ ಹಿರಿದಾದ ಅಳತೆಯನ್ನೂ ಬಳಸುವುದು ಎಂಬುದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಕೊಟ್ಟ ವಿವರಣೆಯ ಭಾವ. ಅಂಗಡಿಯಲ್ಲಿ ಕುಳಿತ ಶ್ರಾವಕನಿಗೆ ಈ ಮಾತು ಅರ್ಥವಾಗದಿರುವುದಿಲ್ಲ. ಎರಡು ಕೊಳಗಗಳನ್ನು ಇಟ್ಟುಕೊಂಡವನು ಬೀಗವನ್ನು ಮುರಿಯುವುದಿಲ್ಲ, ಗೋಡೆಗೆ ಕನ್ನ ಹಾಕುವುದಿಲ್ಲ. ಆದರೂ ಅವನ ವ್ರತಕ್ಕೆ ಕಳ್ಳತನದ ಕಲೆ ತಗಲುತ್ತದೆ.

ಆಳುವ ಸರಕಾರವೇ ಕೊಳ್ಳುವವನಾಗಿ ಪೇಟೆಗೆ ಬಂದಾಗ ಅದರ ಕೈಯಲ್ಲಿ ಎಷ್ಟು ಕೊಳಗಗಳಿರುತ್ತವೆ? ಸೇತುವೆ, ಕೆರೆಯ ಕೋಡಿ, ಶಾಲೆಯ ಕಟ್ಟಡ, ಆಸ್ಪತ್ರೆಯ ಔಷಧ ಎಲ್ಲವೂ ಪ್ರಜೆಗಳ ತೆರಿಗೆಯ ಹಣದಿಂದ ಗುತ್ತಿಗೆಯ ಮೂಲಕವೇ ಆಗಬೇಕು. ಹತ್ತು ಜನ ಲಕೋಟೆಗಳಲ್ಲಿ ದರಗಳನ್ನು ಬರೆದು ಕೊಡುತ್ತಾರೆ. ಆ ಹತ್ತರಲ್ಲಿ ಒಂದನ್ನು ಆರಿಸುವ ಅಧಿಕಾರಿಯು ಯಾವುದನ್ನು ಅಳೆಯುತ್ತಾನೆ, ಯಾವ ಮಾನದಿಂದ ಅಳೆಯುತ್ತಾನೆ, ಆ ಮಾನವನ್ನು ಮೊದಲೇ ಎಲ್ಲರಿಗೂ ತೋರಿಸಿದ್ದನೇ ಎಂಬ ಮೂರು ಪ್ರಶ್ನೆಗಳ ಸುತ್ತ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ‘ಕಡಿಮೆ ದರದವನಿಗೆ ಕೊಟ್ಟರಾಯಿತು’ ಎಂಬುದು ಈ ಇತಿಹಾಸದ ಅತ್ಯಂತ ಹಳೆಯ ಉತ್ತರ. ಅದು ಅತಿ ಹೆಚ್ಚು ಸಲ ಮೋಸ ಹೋದ ಉತ್ತರವೂ ಹೌದು.

ನಮ್ಮ ದೇಶದಲ್ಲಿ ಈ ವಿಷಯದ ಹಳೆಯ ಕುರುಹುಗಳನ್ನು ಹುಡುಕುವವರು ಮೊದಲು ತೆರೆಯುವ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದರ ಹಸ್ತಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿಯಿತೆಂಬುದು ಕನ್ನಡಿಗರು ಹೆಮ್ಮೆ ಪಡಬೇಕಾದ ಸಂಗತಿ. ಹೊಲಮನೆಗಳ ಮಾರಾಟವನ್ನು ನೆರೆಹೊರೆಯ ಕುಟುಂಬಗಳ ಸಮಕ್ಷಮದಲ್ಲಿ ಬೆಲೆಯನ್ನು ಮೂರು ಸಲ ಕೂಗಿ ಮಾಡಬೇಕೆಂದೂ, ಸ್ಪರ್ಧೆಯಿಂದ ಏರಿದ ಹೆಚ್ಚಿನ ಬೆಲೆ ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರಬೇಕೆಂದೂ ಅಲ್ಲಿ ವಿಧಿಸಿದೆ. ಕುಶಲಕರ್ಮಿಗಳು ಕೆಲಸವನ್ನು ಒಪ್ಪಿಕೊಳ್ಳುವಾಗ ಸ್ಥಳ, ಕಾಲ, ಕಾರ್ಯ ಈ ಮೂರನ್ನೂ ಗೊತ್ತುಪಡಿಸಿಕೊಳ್ಳಬೇಕು. ಕಾಲ ಮೀರಿದರೆ ಕೂಲಿಯ ಕಾಲು ಭಾಗ ಕಡಿತವಾಗಿ ಅದರ ಇಮ್ಮಡಿ ದಂಡ ಬೀಳುತ್ತದೆ. ಕೆಲಸ ನಿಂತು ಹೋದರೆ ಏನು ಮಾಡಬೇಕೆಂಬುದನ್ನು ಕೌಟಿಲ್ಯ ಚೆನ್ನಾಗಿ ಬಲ್ಲ. ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿಟ್ಟವನೂ ಅವನೇ. ಆದರೆ ಪರಸ್ಪರ ಸ್ಪರ್ಧಿಸುವ ಗುತ್ತಿಗೆದಾರರಲ್ಲಿ ಒಬ್ಬನನ್ನು ಬಹಿರಂಗವಾಗಿ ಆರಿಸುವ ಪದ್ಧತಿ ಹೇಗೆ ನಡೆಯಿತು, ಹೇಗೆ ಕೆಟ್ಟಿತು ಎಂಬ ವಿವರವಾದ ವೃತ್ತಾಂತಕ್ಕೆ ರೋಮ್ ಗಣರಾಜ್ಯದತ್ತ ತಿರುಗಬೇಕಾಗುತ್ತದೆ.

ರೋಮಿನಲ್ಲಿ ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ಆಯ್ಕೆಯಾಗುತ್ತಿದ್ದ ‘ಸೆನ್ಸರ್’ ಎಂಬ ಇಬ್ಬರು ಅಧಿಕಾರಿಗಳು ನಗರದ ಚೌಕದಲ್ಲಿ, ಜನರ ಕಣ್ಣೆದುರಿನಲ್ಲಿ, ಸರಕಾರದ ಗುತ್ತಿಗೆಗಳನ್ನು ಸವಾಲು ಹಾಕುತ್ತಿದ್ದರು. ತೆರಿಗೆ ವಸೂಲಿಯ ಹಕ್ಕು ಹೆಚ್ಚು ಕೂಗಿದವನಿಗೆ, ಕಟ್ಟಡ ಮತ್ತು ಸರಬರಾಜಿನ ಕೆಲಸ ಕಡಿಮೆ ಕೂಗಿದವನಿಗೆ. ಬಸದಿಗಳಲ್ಲಿ ಕಲಶಗಳ ಸವಾಲನ್ನು ಕಂಡ ವಾಚಕರಿಗೆ ಮೊದಲನೆಯದು ಅಪರಿಚಿತವಲ್ಲ. ಅಲ್ಲಿ ಕೂಗಿದವನು ಹಣವನ್ನು ಕೊಟ್ಟರೆ ವ್ಯವಹಾರ ಮುಗಿಯಿತು, ಎರಡನೆಯದರಲ್ಲಿ ಹಾಗಲ್ಲ. ಕಡಿಮೆ ಕೂಗಿದವನು ಮುಂದೆ ಮಾಡಲಿರುವ ಕೆಲಸವು ಕೂಗಿನಲ್ಲಿ ಕೇಳಿಸುವುದಿಲ್ಲ. ಈ ವ್ಯತ್ಯಾಸವನ್ನು ಮರೆತು ಎರಡೂ ಸವಾಲುಗಳೇ ಎಂದು ಭಾವಿಸುವುದರಿಂದ ಅನೇಕ ಅನರ್ಥಗಳು ಹುಟ್ಟಿಕೊಂಡಿವೆ.

ಕ್ರಿ.ಪೂ. 216ರಲ್ಲಿ ಕ್ಯಾನಿಯ ರಣರಂಗದಲ್ಲಿ ಹ್ಯಾನಿಬಾಲ್ ರೋಮಿನ ಸೈನ್ಯವನ್ನು ನುಚ್ಚುನೂರು ಮಾಡಿದ್ದ. ಮರುವರ್ಷ ಸ್ಪೇನಿನಲ್ಲಿದ್ದ ಸಿಪಿಯೋ ಸೋದರರಿಂದ ಹಣ, ಬಟ್ಟೆ, ಧಾನ್ಯ ಬೇಕೆಂದು ಓಲೆ ಬಂದಾಗ ಬೊಕ್ಕಸ ಬರಿದಾಗಿತ್ತು. ಸರಕಾರೀ ಗುತ್ತಿಗೆಗಳಿಂದ ಸಂಪತ್ತು ಗಳಿಸಿದವರು ಈಗ ಸಾಲದ ಮೇಲೆ ಸರಬರಾಜು ಮಾಡಬೇಕು, ಬೊಕ್ಕಸಕ್ಕೆ ಹಣ ಬಂದೊಡನೆ ಮೊದಲು ಅವರಿಗೇ ಪಾವತಿ ಆಗುವುದು ಎಂದು ಜನರ ಮುಂದೆ ಸಾರಲಾಯಿತು. ಮೂರು ಕೂಟಗಳಾಗಿ ಹತ್ತೊಂಬತ್ತು ಜನ ಮುಂದೆ ಬಂದರೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಅವರ ಷರತ್ತುಗಳು ಎರಡು: ಈ ಸೇವೆಯಲ್ಲಿರುವವರೆಗೆ ಸೈನ್ಯದ ಕರೆಯಿಂದ ವಿನಾಯಿತಿ, ಹಡಗಿಗೆ ಏರಿಸಿದ ಸರಕು ಶತ್ರುವಿನಿಂದಾಗಲೀ ಬಿರುಗಾಳಿಯಿಂದಾಗಲೀ ನಷ್ಟವಾದರೆ ಅದು ಸರಕಾರದ ಹೊಣೆ. ಎರಡನ್ನೂ ಒಪ್ಪಲಾಯಿತು. ಹಣವಂತರು ಎಂದಿನಂತೆ ಲಾಭ ಬರುವ ಕಾಲದಲ್ಲಿ ವಹಿಸುವಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿದರೆಂದು ಲಿವಿ ಹೊಗಳಿದ್ದಾನೆ.

ಆ ಹೊಗಳಿಕೆ ಬಹಳ ಕಾಲ ಉಳಿಯಲಿಲ್ಲ. ಪೈರ್ಗಿ ಎಂಬ ಊರಿನ ಪೋಸ್ಟುಮಿಯಸ್ ಎಂಬ ಗುತ್ತಿಗೆದಾರ ಮತ್ತು ಅವನಿಗೆ ಸರಿಜೋಡಿಯಾದ ಇನ್ನೊಬ್ಬ ಸೇರಿ ಆ ಎರಡನೆಯ ಷರತ್ತನ್ನೇ ಬಂಡವಾಳ ಮಾಡಿಕೊಂಡರು. ಹಳೆಯ, ಶಿಥಿಲವಾದ ಹಡಗುಗಳಲ್ಲಿ ಬೆಲೆಯಿಲ್ಲದ ಅಲ್ಪಸ್ವಲ್ಪ ಸರಕನ್ನು ತುಂಬಿ, ನಡುಗಡಲಿನಲ್ಲಿ ಮುಳುಗಿಸಿ, ನಾವಿಕರನ್ನು ಮೊದಲೇ ಸಿದ್ಧವಾಗಿಟ್ಟ ದೋಣಿಗಳಲ್ಲಿ ಪಾರು ಮಾಡಿ, ಭಾರೀ ಸರಕು ಹೋಯಿತೆಂದು ಲೆಕ್ಕ ಕೊಟ್ಟರು. ಕೆಲವು ಸಲ ಹಡಗೊಡೆದ ಸುದ್ದಿಯೇ ಸುಳ್ಳು. ಈ ಸಂಗತಿ ಸೆನೆಟ್ ಸಭೆಯ ಕಿವಿಗೆ ಬಿದ್ದರೂ ಯುದ್ಧಕಾಲದಲ್ಲಿ ಹಣವಂತರ ಮನ ನೋಯಿಸಬಾರದೆಂದು ಸಭೆ ಸುಮ್ಮನಿತ್ತು. ಕೊನೆಗೆ ಕ್ರಿ.ಪೂ. 212ರಲ್ಲಿ ಇಬ್ಬರು ಜನಪ್ರತಿನಿಧಿಗಳು ಎರಡು ಲಕ್ಷ ನಾಣ್ಯಗಳ ದಂಡವನ್ನು ವಿಧಿಸಲು ಜನಸಭೆಯನ್ನು ಕರೆದರು. ಗುತ್ತಿಗೆದಾರರ ಕೂಟ ಗುಂಪುಗೂಡಿ ನುಗ್ಗಿ ಸಭೆಯನ್ನೇ ಚೆದುರಿಸಿತು. ಆಮೇಲೆ ಹೂಡಿದ ಆರೋಪ ದಂಡದ್ದಾಗಿರದೆ ಪ್ರಾಣದಂಡನೆಗೆ ಯೋಗ್ಯವಾದುದಾಗಿತ್ತು. ಅನೇಕರು ದೇಶಾಂತರ ಹೋದರು.

ಈ ಕಥೆಯಲ್ಲಿ ಗಮನಿಸಬೇಕಾದುದು ಮೋಸಗಾರನ ಜಾಣತನವಲ್ಲ. ಮೋಸಕ್ಕೆ ಎಲ್ಲ ಕಾಲಗಳಲ್ಲೂ ಜಾಣರು ಸಿಗುತ್ತಾರೆ. ಸಾಲ ಕೊಡಬಲ್ಲವನೇ ಎಂಬುದೊಂದನ್ನು ಬಿಟ್ಟು ಬೇರೇನನ್ನೂ ಆ ದಿನ ಯಾರೂ ಅಳೆಯಲಿಲ್ಲ. ಹಡಗು ಸಮುದ್ರಕ್ಕೆ ಯೋಗ್ಯವೇ, ಸರಕು ಲೆಕ್ಕಕ್ಕೆ ಸರಿಯೇ ಎಂದು ಬಂದರಿನಲ್ಲಿ ನೋಡುವವರು ಇದ್ದಿದ್ದರೆ ಸರಕಾರ ಹೊತ್ತ ಹೊಣೆಗೆ ಅರ್ಥವಿರುತ್ತಿತ್ತು.

ಕ್ರಿ.ಪೂ. 184ರಲ್ಲಿ ಸೆನ್ಸರ್ ಪದವಿಗೆ ಬಂದ ಕೇಟೋ ಎಂಬಾತ ಮಿತವ್ಯಯಕ್ಕೂ ನಿಷ್ಠುರತೆಗೂ ಹೆಸರಾದವನು. ಅವನೂ ಅವನ ಸಹೋದ್ಯೋಗಿ ವಲೇರಿಯಸ್ ಫ್ಲಾಕಸನೂ ತೆರಿಗೆಗಳನ್ನು ಅತಿ ಹೆಚ್ಚಿನ ಬೆಲೆಗೂ ಕಾಮಗಾರಿಗಳನ್ನು ಅತಿ ಕಡಿಮೆ ಬೆಲೆಗೂ ಗುತ್ತಿಗೆ ಕೊಟ್ಟರು. ಗುತ್ತಿಗೆದಾರರು ಸೆನೆಟಿನ ಮುಂದೆ ಕಣ್ಣೀರು ಹಾಕಿದರು. ಸೆನೆಟ್ ಕರಗಿ, ಹಳೆಯ ಗುತ್ತಿಗೆಗಳನ್ನು ರದ್ದುಪಡಿಸಿ ಮರುಸವಾಲು ಹಾಕುವಂತೆ ಆಜ್ಞಾಪಿಸಿತು. ಕೇಟೋ ಆಜ್ಞೆಯನ್ನು ಮೀರಲಿಲ್ಲ. ಆದರೆ ಮೊದಲ ಗುತ್ತಿಗೆಯನ್ನು ಹಗುರಾಗಿ ಕಂಡವರು ಮರುಸವಾಲಿಗೆ ಬರಕೂಡದೆಂದು ಪ್ರಕಟಣೆ ಹೊರಡಿಸಿ, ಉಳಿದವರ ನಡುವೆ ಅದೇ ಕೆಲಸಗಳನ್ನು ಬೆಲೆಯಲ್ಲಿ ಅಲ್ಪವೇ ಸಡಿಲ ಮಾಡಿ ಮತ್ತೆ ಹಂಚಿದ. ಹಿಂದಿನ ನಡತೆಯನ್ನು ನೋಡಿ ಸ್ಪರ್ಧೆಯಿಂದ ಹೊರಗಿಡುವುದನ್ನು ಇಂದಿನ ಸರಕಾರೀ ಭಾಷೆಯಲ್ಲಿ ಕಪ್ಪುಪಟ್ಟಿ ಎನ್ನುತ್ತಾರೆ. ಅದರ ಹಳೆಯ ದೃಷ್ಟಾಂತಗಳಲ್ಲಿ ಇದೂ ಒಂದು.

ಕೇಟೋನನ್ನು ಆದರ್ಶ ಪುರುಷನೆಂದು ಕೊಂಡಾಡುವ ಲೇಖಕರು ಇದ್ದಾರೆ. ಆದರೆ ನ್ಯಾಯವಾಗಿ ನೋಡಿದರೆ ಅವನ ಪಕ್ಷದಲ್ಲೂ ಕುಂದಿದೆ. ಅವನು ಬೆಲೆಗಳನ್ನು ತೀರಾ ಕೆಳಕ್ಕೆ ಇಳಿಸಿದನೆಂಬ ಮಾತು ಪ್ಲೂಟಾರ್ಕನ ಜೀವನಚರಿತ್ರೆಯಲ್ಲೂ ಬರುತ್ತದೆ. ದುಡಿಮೆಗೂ ಸಾಮಗ್ರಿಗೂ ಸಾಲದ ದರಕ್ಕೆ ಒಪ್ಪಿದವನು ಎರಡರಲ್ಲೊಂದು ಮಾಡುತ್ತಾನೆ: ಕೆಲಸ ಬಿಟ್ಟು ಓಡುತ್ತಾನೆ, ಇಲ್ಲವೇ ಸುಣ್ಣದಲ್ಲಿ ಮರಳು ಹೆಚ್ಚಿಸುತ್ತಾನೆ. ಫ್ರಾನ್ಸಿನ ಕೋಟೆಗಳ ಶಿಲ್ಪಿ ವೋಬಾನ್ 1683ರ ಜುಲೈ 17ರಂದು ಮಂತ್ರಿ ಲೂವ್ವಾನಿಗೆ ಬರೆದ ಪತ್ರವೊಂದರಲ್ಲಿ ಇದೇ ಸಂಕಟವನ್ನು ತೋಡಿಕೊಂಡಿದ್ದಾನೆ. ದರಗಳನ್ನು ಮುರಿದು ಮುರಿದು ಇಳಿಸುವುದರಿಂದ ಕೆಲಸಗಳು ವರ್ಷಗಟ್ಟಲೆ ಬಾಲ ಬೆಳೆಸುತ್ತವೆ, ಗತಿಗೆಟ್ಟವರೂ ಠಕ್ಕರೂ ಅರಿಯದವರೂ ಮಾತ್ರ ಗುತ್ತಿಗೆಗೆ ಬರುತ್ತಾರೆ, ಬಲ್ಲವರು ದೂರ ಸರಿಯುತ್ತಾರೆ ಎಂಬುದು ಅವನ ವಾದದ ಸಾರಾಂಶ. ಕೋಟೆ ಕಟ್ಟಿ ಅನುಭವವಿದ್ದವನ ಮಾತಾದ್ದರಿಂದ ಇದಕ್ಕೆ ತೂಕವಿದೆ. ಕಡಿಮೆ ಬೆಲೆಯ ಅಪಾಯದ ಬಗ್ಗೆ ಜಾನ್ ರಸ್ಕಿನ್ನನ ಹೆಸರಿನಲ್ಲಿ ಚೌಕಟ್ಟು ಹಾಕಿಸಿ ಅಂಗಡಿಗಳಲ್ಲಿ ತೂಗುಹಾಕುವ ಮಾತೊಂದು ಇದೆ. ಅದು ರಸ್ಕಿನ್ನನ ಯಾವ ಗ್ರಂಥದಲ್ಲೂ ದೊರೆತಿಲ್ಲ. ವೋಬಾನನ ಪತ್ರವಾದರೋ ತಾರೀಖು ಸಹಿತ ಉಳಿದಿದೆ.

ಹಾಗಾದರೆ ಬೆಲೆಯನ್ನು ಬಿಟ್ಟು ಇನ್ನೇನನ್ನು ಅಳೆಯುವುದು? ಇದಕ್ಕೆ ಉತ್ತಮ ಉತ್ತರವೊಂದು ಒಂದು ಸಣ್ಣ ಗೋಡೆಯ ಬಗೆಗಿನ ಶಾಸನದಲ್ಲಿದೆ. ಇಟಲಿಯ ನೇಪಲ್ಸ್ ಬಳಿಯ ಪುಟಿಯೋಲಿ ಎಂಬ ಬಂದರಿನಲ್ಲಿ ಸೆರಾಪಿಸ್ ದೇವಾಲಯದ ಎದುರಿಗೆ ಒಂದು ಗೋಡೆಯನ್ನೂ ಅದರಲ್ಲೊಂದು ದ್ವಾರವನ್ನೂ ಕಟ್ಟಿಸಲು ಕ್ರಿ.ಪೂ. 105ರಲ್ಲಿ ಮಾಡಿದ ಕರಾರು ಕಲ್ಲಿನಲ್ಲಿ ಕೆತ್ತಲ್ಪಟ್ಟು ಇಂದಿಗೂ ಓದಲು ಸಿಗುತ್ತದೆ. ದ್ವಾರ ಆರು ಅಡಿ ಅಗಲ, ಏಳು ಅಡಿ ಎತ್ತರ ಇರಬೇಕು. ಮರ ಯಾವ ಜಾತಿಯದು, ಗಾರೆಯಲ್ಲಿ ಸುಣ್ಣ ಎಷ್ಟು ಪಾಲು, ಮೊಳೆಗಳು ಹೇಗೆ, ಗೋಡೆಗೆ ಏನನ್ನು ಬಳಿಯಬೇಕು ಎಂಬುದೆಲ್ಲ ಕ್ರಮವಾಗಿ ಬರೆದಿದೆ. ಒಟ್ಟು ಮೊತ್ತ 1500 ಸೆಸ್ಟರ್ಸ್. ಗುತ್ತಿಗೆದಾರನ ಹೆಸರು, ಅವನೊಂದಿಗೆ ಜಾಮೀನು ನಿಂತವರ ಹೆಸರುಗಳು ಕೊನೆಯಲ್ಲಿವೆ. ಅರ್ಧ ಹಣ ಜಾಮೀನು ಆಸ್ತಿಯನ್ನು ಒಪ್ಪಿಸಿದಾಗ. ಉಳಿದರ್ಧ ಕೆಲಸ ಮುಗಿದು ಒಪ್ಪಿಗೆಯಾದಾಗ. ಆ ಒಪ್ಪಿಗೆಯನ್ನು ಕೊಡುವವನು ಒಬ್ಬ ಅಧಿಕಾರಿಯಲ್ಲ. ಊರಿನ ಹಿಂದಿನ ಅಧಿಕಾರಿಗಳ ಸಭೆಯಲ್ಲಿ ಕನಿಷ್ಠ ಇಪ್ಪತ್ತು ಜನ ಹಾಜರಿದ್ದು ತೀರ್ಮಾನಿಸಬೇಕು.

ಇದೊಂದು ಚಿಕ್ಕ ಕೆಲಸ. ಆದರೂ ಏನು ಬೇಕೆಂಬುದನ್ನು ಮೊದಲೇ ಇಷ್ಟು ನಿಖರವಾಗಿ ಬರೆದಿಟ್ಟಲ್ಲಿ ಮಾತ್ರ ಕಡಿಮೆ ಬೆಲೆಗೆ ಅರ್ಥವುಂಟು. ಗೋಡೆ ಎಂದು ಮಾತ್ರ ಬರೆದು ಸವಾಲು ಹಾಕಿದರೆ ಒಬ್ಬನು ಸುಣ್ಣದ ಗೋಡೆಗೆ, ಇನ್ನೊಬ್ಬನು ಮಣ್ಣಿನ ಗೋಡೆಗೆ ಬೆಲೆ ಹೇಳುತ್ತಾನೆ. ಅವೆರಡನ್ನು ಹೋಲಿಸುವುದು ಅಕ್ಕಿಯನ್ನೂ ಹೊಟ್ಟನ್ನೂ ಒಂದೇ ಬಳ್ಳದಿಂದ ಅಳೆದಂತೆ. ಬಸದಿಗಳ ಜೀರ್ಣೋದ್ಧಾರಕ್ಕೆ ದರಪಟ್ಟಿ ಕರೆಯುವ ಟ್ರಸ್ಟುಗಳು ಹಲವು ಕಡೆ ‘ಶಿಖರದ ದುರಸ್ತಿ’ ಎಂಬ ಒಂದೇ ಸಾಲಿನಲ್ಲಿ ಕಾರ್ಯವನ್ನು ವರ್ಣಿಸುವುದುಂಟು. ಸುಣ್ಣದ ಗಾರೆಯೇ, ಸಿಮೆಂಟೇ, ಒಡೆದ ಕಲ್ಲನ್ನು ಬದಲಿಸುವುದೇ, ಕಟ್ಟುವುದೇ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಬಂದ ಮೂರು ದರಗಳು ಮೂರು ಬೇರೆ ಬೇರೆ ಕೆಲಸಗಳ ದರಗಳಾಗಿರುತ್ತವೆ ಎಂಬುದು ಗೊತ್ತಾಗುವುದು ಶಿಖರದ ಮೇಲೆ ಸಿಮೆಂಟು ಬಿದ್ದ ಮೇಲೆ.

ಬ್ರಿಟಿಷರು ಭಾರತದಲ್ಲಿ ಲೋಕೋಪಯೋಗಿ ಇಲಾಖೆಯನ್ನು 1854ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಸ್ಥಾಪಿಸಿದರು. ಮೊಹರು ಮಾಡಿದ ಲಕೋಟೆ, ಇಡುಗಂಟು, ದರಗಳ ಅನುಸೂಚಿ, ಕನಿಷ್ಠ ದರವನ್ನು ಬಿಟ್ಟು ಬೇರೆಯದನ್ನು ಒಪ್ಪಿದರೆ ಕಾರಣ ಬರೆಯಬೇಕೆಂಬ ಕಟ್ಟಳೆ ಇವೆಲ್ಲ ಕಾಲಕ್ರಮದಲ್ಲಿ ಇಲಾಖೆಯ ಸಂಹಿತೆಗಳಲ್ಲಿ ನೆಲೆಗೊಂಡು ಸ್ವಾತಂತ್ರ್ಯಾನಂತರವೂ ಮುಂದುವರಿದವು. ಕನಿಷ್ಠ ದರವನ್ನು ಒಪ್ಪಿದವನಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಎರಡನೆಯದನ್ನು ಒಪ್ಪಿದವನಿಗೆ ಲೆಕ್ಕ ಪರಿಶೋಧಕರು ಪ್ರಶ್ನೆ ಕೇಳುತ್ತಾರೆ. ಹೀಗಾಗಿ ಅಧಿಕಾರಿಗಳ ಆತ್ಮರಕ್ಷಣೆಗೆ ಕನಿಷ್ಠ ದರವೇ ದುರ್ಗವಾಯಿತು. ಇದನ್ನು ಅಪ್ರಾಮಾಣಿಕತೆ ಎನ್ನಲಾಗದು, ಆದರೆ ವಿವೇಕವೆಂದೂ ಹೇಳಲಾಗದು.

ಸ್ವತಂತ್ರ ಭಾರತದಲ್ಲಿ ಈ ವಿಷಯಕ್ಕೆ ತಿರುವು ಕೊಟ್ಟದ್ದು ಸೇತುವೆಯಲ್ಲ, ಅಣೆಕಟ್ಟಲ್ಲ; ಬೊಂಬಾಯಿ ವಿಮಾನನಿಲ್ದಾಣದ ಒಂದು ಉಪಾಹಾರಗೃಹ. ಅಂತರರಾಷ್ಟ್ರೀಯ ವಿಮಾನನಿಲ್ದಾಣ ಪ್ರಾಧಿಕಾರವು 1977ರ ಜನವರಿ ಮೊದಲ ವಾರದಲ್ಲಿ, ನಿಲ್ದಾಣದಲ್ಲಿ ಎರಡನೆಯ ದರ್ಜೆಯ ಒಂದು ರೆಸ್ಟೋರೆಂಟನ್ನೂ ಎರಡು ತಿಂಡಿ ಮಳಿಗೆಗಳನ್ನೂ ಮೂರು ವರ್ಷ ನಡೆಸಲು ಟೆಂಡರ್ ಕರೆಯಿತು. ಕನಿಷ್ಠ ಐದು ವರ್ಷಗಳ ಅನುಭವವುಳ್ಳ, ನೋಂದಾಯಿತ ಎರಡನೆಯ ದರ್ಜೆಯ ಹೋಟೆಲುದಾರರು ಮಾತ್ರ ಅರ್ಜಿ ಹಾಕಬೇಕೆಂಬುದು ಪ್ರಕಟಣೆಯ ಷರತ್ತು. ಆರು ಟೆಂಡರುಗಳು ಬಂದವು. ಇಲ್ಲಿ ಪ್ರಾಧಿಕಾರ ಹಣ ಪಡೆಯುವ ಪಕ್ಷವಾದ್ದರಿಂದ ಹೆಚ್ಚಿನ ಮೊತ್ತವೇ ಶ್ರೇಷ್ಠ. ತಿಂಗಳಿಗೆ 6,666 ರೂಪಾಯಿ 66 ಪೈಸೆ ಕೊಡುವುದಾಗಿ ಬರೆದವರ ಟೆಂಡರ್ ಎಲ್ಲರಿಗಿಂತ ಮೇಲಿತ್ತು. ಆದರೆ ಅವರು ಹೋಟೆಲು ನಡೆಸಿದವರಲ್ಲ. ದೊಡ್ಡ ಕಂಪನಿಗಳ ಕ್ಯಾಂಟೀನುಗಳನ್ನು ಹತ್ತು ವರ್ಷ ನಡೆಸಿದ ಅನುಭವ ಮಾತ್ರ ಅವರಿಗಿತ್ತು. ಪ್ರಾಧಿಕಾರ ಅವರನ್ನೇ ಒಪ್ಪಿತು.

ಈ ನಿರ್ಧಾರವನ್ನು ಪ್ರಶ್ನಿಸಿದ ರಮಣ ದಯಾರಾಮ್ ಶೆಟ್ಟಿ ಎಂಬವರು ಟೆಂಡರ್ ಹಾಕಿಯೇ ಇರಲಿಲ್ಲ. ಹಾಕದವನಿಗೆ ಏನು ನಷ್ಟ ಎಂದು ಯಾರಾದರೂ ಕೇಳಬಹುದು. ಅವರ ವಾದ ಇದು: ಪ್ರಕಟಣೆಯ ಷರತ್ತು ತಮಗೆ ಅನ್ವಯಿಸುವುದಿಲ್ಲವೆಂದು ಓದಿ ತಾವು ಸುಮ್ಮನಾದೆವು, ಆ ಷರತ್ತನ್ನು ಪಾಲಿಸುವ ಅಗತ್ಯವಿಲ್ಲವೆಂದು ಗೊತ್ತಿದ್ದರೆ ತಾವೂ ಟೆಂಡರ್ ಹಾಕುತ್ತಿದ್ದೆವು. ಈ ವಾದದ ಸೂಕ್ಷ್ಮತೆಯನ್ನು ಒಂದು ಕ್ಷಣ ನಿಂತು ಮನನ ಮಾಡಬೇಕು. ಲಕೋಟೆ ತೆರೆದ ಮೇಲೆ ಷರತ್ತನ್ನು ಸಡಿಲಿಸಿದರೆ ಸೋತವರಿಗೆ ಮಾತ್ರ ಅನ್ಯಾಯವಾಗುವುದಿಲ್ಲ. ಪ್ರಾಮಾಣಿಕವಾಗಿ ಷರತ್ತನ್ನು ಓದಿ, ತಾನು ಅರ್ಹನಲ್ಲವೆಂದು ಮನೆಯಲ್ಲೇ ಉಳಿದವನಿಗೂ ಆಗುತ್ತದೆ. ಅವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆಡಿದ ಮಾತನ್ನು ನಂಬಿದ್ದೇ ಅವನ ತಪ್ಪಾಗಿಬಿಡುತ್ತದೆ.

ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1979ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ಬರೆದ ತೀರ್ಪು ಈ ವಾದವನ್ನು ತತ್ತ್ವತಃ ಎತ್ತಿಹಿಡಿಯಿತು. ಪ್ರಾಧಿಕಾರವು ಸಂವಿಧಾನದ ಹನ್ನೆರಡನೆಯ ಅನುಚ್ಛೇದದ ಅರ್ಥದಲ್ಲಿ ‘ರಾಜ್ಯ’ವೇ ಸರಿ, ಖಾಸಗಿ ವ್ಯಕ್ತಿಯಂತೆ ತನಗೆ ಇಷ್ಟ ಬಂದವರೊಡನೆ ವ್ಯವಹರಿಸುವ ಸ್ವಾತಂತ್ರ್ಯ ಅದಕ್ಕಿಲ್ಲ, ತಾನು ಸಾರಿದ ಅರ್ಹತೆಯ ಮಾನದಂಡಕ್ಕೆ ತಾನೇ ಬದ್ಧವಾಗಿರಬೇಕು ಎಂದು ನ್ಯಾಯಾಲಯ ಹೇಳಿತು. ಈ ವಿಚಾರಕ್ಕೆ ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ 1959ರ ಅಭಿಪ್ರಾಯವೊಂದನ್ನು ಆಧಾರವಾಗಿ ಇಟ್ಟುಕೊಂಡಿತು.

ಇಷ್ಟಾದರೂ ಅರ್ಜಿದಾರರಿಗೆ ಪರಿಹಾರ ದೊರೆಯಲಿಲ್ಲ! ಅವರು ಐದು ತಿಂಗಳಿಗೂ ಹೆಚ್ಚು ಕಾಲ ತಡಮಾಡಿ ನ್ಯಾಯಾಲಯಕ್ಕೆ ಬಂದಿದ್ದರು, ಆ ಹೊತ್ತಿಗೆ ಗುತ್ತಿಗೆ ಪಡೆದವರು ಸುಮಾರು 1,25,000 ರೂಪಾಯಿ ವೆಚ್ಚ ಮಾಡಿದ್ದರು, ಅರ್ಜಿಯ ಹಿಂದೆ ಬೇರೊಬ್ಬರ ಹಿತಾಸಕ್ತಿ ಇತ್ತೆಂದೂ ನ್ಯಾಯಾಲಯಕ್ಕೆ ಕಂಡಿತು. ತತ್ತ್ವ ಗೆದ್ದಿತು, ಮೊಕದ್ದಮೆ ಸೋತಿತು. ವ್ಯವಹಾರದಲ್ಲಿ ತಡವಾಗಿ ಬಂದ ನ್ಯಾಯಕ್ಕೆ ಇಷ್ಟೇ ಬೆಲೆ ಎಂದು ಕೆಲವರು ನಿಟ್ಟುಸಿರು ಬಿಟ್ಟಿರಬಹುದು. ಆದರೆ ಆ ರೆಸ್ಟೋರೆಂಟಿನ ಗುತ್ತಿಗೆ ಎಂದೋ ಮುಗಿದು ಹೋದರೂ ತೀರ್ಪಿನ ತತ್ತ್ವವನ್ನು ಈಗಲೂ ದೇಶದ ನ್ಯಾಯಾಲಯಗಳಲ್ಲಿ ಉಲ್ಲೇಖಿಸುತ್ತಾರೆ.

ಮುಂದಿನ ಘಟ್ಟ 1994ರ ಟಾಟಾ ಸೆಲ್ಯುಲರ್ ಪ್ರಕರಣ. ಬೊಂಬಾಯಿ, ದೆಹಲಿ, ಕಲ್ಕತ್ತಾ, ಮದರಾಸುಗಳಲ್ಲಿ ಮೊಬೈಲ್ ದೂರವಾಣಿ ನಡೆಸುವ ಪರವಾನಗಿಗಳ ಆಯ್ಕೆಯನ್ನು ಕುರಿತ ಆ ವ್ಯಾಜ್ಯದಲ್ಲಿ, ನ್ಯಾಯಾಲಯವು ಆಯ್ಕೆಯ ವಿಧಾನವನ್ನು ಪರಿಶೀಲಿಸುತ್ತದೆಯೇ ಹೊರತು ತಾನೇ ಪರಿಣತನಾಗಿ ಮರು ಆಯ್ಕೆ ಮಾಡುವುದಿಲ್ಲ ಎಂಬ ಮಿತಿಯನ್ನು ಹಾಕಿಕೊಂಡಿತು. ಮಹಾರಾಷ್ಟ್ರದ ವಿದ್ಯುತ್ ಮಂಡಳಿಯ ಗುತ್ತಿಗೆಯೊಂದನ್ನು ಕುರಿತು 1998ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಸುಜಾತಾ ಮನೋಹರ್ ಅವರು ಬರೆದ ತೀರ್ಪಿನಲ್ಲಿ, ಬೆಲೆಯೊಂದೇ ಕಾರಣವಾಗಬೇಕಿಲ್ಲ, ಸಾಮರ್ಥ್ಯ, ಪೂರ್ವಾನುಭವ, ಗುಣಮಟ್ಟ, ಕಾಲಕ್ಕೆ ಸರಿಯಾಗಿ ಮುಗಿಸುವ ಶಕ್ತಿ ಇವನ್ನೂ ತೂಗಬಹುದೆಂದು ಹೇಳಲಾಯಿತು. ತಡೆಯಾಜ್ಞೆಗಳಿಂದ ಕಾಮಗಾರಿ ನಿಂತರೆ ಅದರ ವೆಚ್ಚ ಕೊನೆಗೆ ಜನರ ಮೇಲೇ ಬೀಳುತ್ತದೆಂಬ ಎಚ್ಚರಿಕೆಯೂ ಅಲ್ಲಿದೆ.

ಶಾಸನಸಭೆಗಳು ಈ ಕಾಲದಲ್ಲೇ ಎಚ್ಚೆತ್ತವು. ತಮಿಳುನಾಡು 1998ರಲ್ಲಿ ಟೆಂಡರುಗಳ ಪಾರದರ್ಶಕತೆಗೆ ಕಾಯಿದೆ ಮಾಡಿತು. ಅದರ ಹಿಂದೆಯೇ ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಬಂದು 2000ದಲ್ಲಿ ಜಾರಿಯಾಯಿತು. ಟೆಂಡರ್ ಕರೆಯುವ ಪ್ರಾಧಿಕಾರ ಯಾವುದು, ಒಪ್ಪುವ ಪ್ರಾಧಿಕಾರ ಯಾವುದು ಎಂದು ಇದರಲ್ಲಿ ಬೇರ್ಪಡಿಸಿ ಹೇಳಿದೆ. ಟೆಂಡರ್ ಬುಲೆಟಿನ್ ಹೊರಡಿಸಬೇಕು. ಯಾವುದಾದರೊಂದು ಟೆಂಡರನ್ನು ಒಪ್ಪಿದಾಗ ಎಲ್ಲ ದರಗಳ ತುಲನಾತ್ಮಕ ವಿಶ್ಲೇಷಣೆಯನ್ನೂ ಒಪ್ಪಿದ ಕಾರಣಗಳನ್ನೂ ಬರೆದು ತಿಳಿಸಬೇಕು. ಕನಿಷ್ಠ ದರವೇ ಮಾರುಕಟ್ಟೆಗಿಂತ ಹೆಚ್ಚೆನಿಸಿದರೆ ಚೌಕಾಶಿಯನ್ನು ಆ ಒಬ್ಬನೊಡನೆ ಮಾತ್ರ ಮಾಡಬೇಕು. ಎಲ್ಲರನ್ನೂ ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಒಬ್ಬನ ದರವನ್ನು ಇನ್ನೊಬ್ಬನಿಗೆ ಹೇಳಿ ಇಳಿಸುವ ಹಳೆಯ ಚಾಳಿಗೆ ಇದರಿಂದ ಕಾನೂನಿನ ಬೇಲಿ ಬಿದ್ದಿತು. ಬಾಧಿತನಾದವನು ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಾಯಿದೆಯ ನಾಲ್ಕನೆಯ ಪ್ರಕರಣದಲ್ಲಿ ವಿನಾಯಿತಿಗಳೂ ಇವೆ. ನೈಸರ್ಗಿಕ ವಿಪತ್ತಿನಂತಹ ಸಂದರ್ಭಗಳಿಗೆ ಅವು ಅಗತ್ಯ. ಆದರೆ ಸರಕಾರ ಅಧಿಸೂಚನೆಯಿಂದಲೇ ಕೊಡಬಹುದಾದ ವಿನಾಯಿತಿಯು ಬೇಲಿಯಲ್ಲಿ ಇಟ್ಟ ಬಾಗಿಲು. ಅದು ಎಷ್ಟು ಸಲ ತೆರೆಯುತ್ತದೆ ಎಂಬುದರ ಮೇಲೆ ಬೇಲಿಯ ಬೆಲೆ ನಿಂತಿದೆ.

ಗುಣಕ್ಕೂ ಬೆಲೆಗೂ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವ ಕ್ರಮ ಸಲಹೆಗಾರರ ನೇಮಕದಲ್ಲಿ ಬಹುಕಾಲದಿಂದ ಇತ್ತು. ವಿಶ್ವಬ್ಯಾಂಕು 2016ರಿಂದ ತನ್ನ ಹೊಸ ನಿಯಮಗಳಲ್ಲಿ ಕನಿಷ್ಠ ದರಕ್ಕಿಂತ ಹಣಕ್ಕೆ ತಕ್ಕ ಮೌಲ್ಯವೆಂಬ ತತ್ತ್ವಕ್ಕೆ ಒತ್ತು ಕೊಟ್ಟಿತು. ಭಾರತ ಸರಕಾರದ ಹಣಕಾಸು ಸಚಿವಾಲಯವು 2021ರ ಅಕ್ಟೋಬರ್ 29ರ ಸೂಚನೆಗಳಲ್ಲಿ, ಗುಣಪ್ರಧಾನವೆಂದು ಮೊದಲೇ ಘೋಷಿಸಿದ ಕಾಮಗಾರಿಗಳಿಗೂ ಈ ಕ್ರಮವನ್ನು ಬಳಸಲು ಅನುಮತಿ ಕೊಟ್ಟು, ಬೆಲೆಯಲ್ಲದ ಅಂಶಗಳ ಭಾರ ಶೇಕಡಾ 30ನ್ನು ಮೀರಕೂಡದೆಂದು ಮಿತಿ ಹಾಕಿತು.

ಈ ಮಿತಿ ಏಕೆ ಬೇಕಾಯಿತೆಂಬುದು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ‘ಕ’ ಎಂಬವನ ದರ 100 ಲಕ್ಷ, ಗುಣಕ್ಕೆ ಅವನು ಪಡೆದ ಅಂಕ ನೂರಕ್ಕೆ 60. ‘ಖ’ ಎಂಬವನ ದರ 110 ಲಕ್ಷ, ಗುಣದ ಅಂಕ 90. ಕನಿಷ್ಠ ದರದವನಿಗೆ ಬೆಲೆಯ ಅಂಕ 100. ಇನ್ನೊಬ್ಬನಿಗೆ 100ನ್ನು 110ರಿಂದ ಭಾಗಿಸಿದಂತೆ 90.91. ಬೆಲೆಗೆ 70, ಗುಣಕ್ಕೆ 30 ಭಾರವಿಟ್ಟರೆ ‘ಕ’ನ ಒಟ್ಟು 70ಕ್ಕೆ 18 ಸೇರಿ 88, ‘ಖ’ನ ಒಟ್ಟು 63.64ಕ್ಕೆ 27 ಸೇರಿ 90.64. ‘ಖ’ ಗೆಲ್ಲುತ್ತಾನೆ. ಅದೇ ಬೆಲೆಗೆ 80, ಗುಣಕ್ಕೆ 20 ಎಂದರೆ ‘ಕ’ನಿಗೆ 92; ‘ಖ’ನಿಗೆ 90.73. ‘ಕ’ ಗೆಲ್ಲುತ್ತಾನೆ. ಯಾರ ದರವೂ ಬದಲಾಗಲಿಲ್ಲ, ಯಾರ ಗುಣವೂ ಬದಲಾಗಲಿಲ್ಲ. ಬದಲಾದದ್ದು ತಕ್ಕಡಿಯ ಬಟ್ಟು ಮಾತ್ರ. ಇನ್ನು ಆ 60 ಮತ್ತು 90ನ್ನು ಕೊಡುವವನು ಮನುಷ್ಯ. ಅನುಭವದ ಪ್ರತಿ ವರ್ಷಕ್ಕೆ ಎಷ್ಟು ಅಂಕ, ಮುಗಿಸಿದ ಪ್ರತಿ ಕಾಮಗಾರಿಗೆ ಎಷ್ಟು ಅಂಕ ಎಂದು ಮೊದಲೇ ಬರೆಯದೆ, ‘ಒಟ್ಟಾರೆ ಸಾಮರ್ಥ್ಯ’ಕ್ಕೆ 40 ಅಂಕವೆಂದು ಇಟ್ಟಲ್ಲಿ ಕನಿಷ್ಠ ದರದ ಒಡ್ಡ ನ್ಯಾಯವೇ ಮೇಲೆನಿಸಿಬಿಡುತ್ತದೆ.

ಸರಕಾರಕ್ಕೆ ಅನ್ವಯಿಸುವ ಈ ಕಾನೂನುಗಳು ದಾನಿಗಳ ಹಣದಿಂದಲೇ ನಡೆಯುವ ಖಾಸಗಿ ಟ್ರಸ್ಟುಗಳನ್ನು ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ಆದರೂ ಸಭಾಭವನವೋ ಯಾತ್ರಿನಿವಾಸವೋ ಕಟ್ಟಿಸುವಾಗ ಅಲ್ಲಿಯೂ ಲಕೋಟೆಗಳು ಬರುತ್ತವೆ, ಅಲ್ಲಿಯೂ ಕಾರ್ಯಕಾರಿ ಸಮಿತಿ ಕುಳಿತು ತೆರೆಯುತ್ತದೆ. ‘ಇವರು ನಮ್ಮವರು, ಸ್ವಲ್ಪ ಹೆಚ್ಚಾದರೂ ಕೊಡೋಣ’ ಎಂಬ ಮಾತೂ, ‘ಅವರಿಗಿಂತ ಹತ್ತು ಸಾವಿರ ಇಳಿಸುತ್ತೀರಾ’ ಎಂದು ದೂರವಾಣಿಯಲ್ಲಿ ಕೇಳುವ ಮಾತೂ ಆ ಸಭೆಗಳಲ್ಲಿ ಕೇಳಿಬರುವುದಿಲ್ಲವೆಂದು ಹೇಳಬಲ್ಲವರು ವಿರಳ. ಮೊದಲನೆಯದು ದಾನಿಗಳ ಹಣದಿಂದ ಮಾಡಿದ ಉಪಕಾರ. ಎರಡನೆಯದು ಒಬ್ಬನು ಗುಟ್ಟೆಂದು ನಂಬಿ ಮೊಹರು ಮಾಡಿ ಕೊಟ್ಟ ದರವನ್ನು ಮತ್ತೊಬ್ಬನಿಗೆ ಕೊಟ್ಟದ್ದು. ಪುಟಿಯೋಲಿಯ ಊರಿನವರು ಆರಡಿ ಅಗಲದ ಒಂದು ಬಾಗಿಲಿಗೆ ಮರದ ಜಾತಿಯಿಂದ ಜಾಮೀನುದಾರರ ಹೆಸರಿನವರೆಗೆ ಬರೆದಿಟ್ಟು, ಇಪ್ಪತ್ತು ಜನ ಕೂಡಿ ನೋಡಿ, ಆಮೇಲೆ ಉಳಿದ 750 ಸೆಸ್ಟರ್ಸ್ ಪಾವತಿ ಮಾಡಬೇಕೆಂದು ಗೊತ್ತುಪಡಿಸಿಕೊಂಡರು. ಆ ಕರಾರನ್ನು ಕಲ್ಲಿನ ಮೇಲೆ ಕೆತ್ತಿಸಿ, ದಾರಿಹೋಕರೆಲ್ಲ ಓದುವಂತೆ ಮಾಡಿದ್ದರು.